ಗ್ರೇಟ್ ಸೆಂಟ್ರಲ್ ರೈಲ್ವೆಯ ಕಲ್ಲಿದ್ದಲು ವ್ಯಾಗನ್‌ಗಳು: ಎಂಜಿನ್ನಿನ ಹಿಂದೆ ಏನಿದೆ ಎಂದು ನೋಡುವವರಿಗೆ

ಇಂಗ್ಲೆಂಡಿನ ಲೆಸ್ಟರ್‌ಶೈರ್ ಜಿಲ್ಲೆಯಲ್ಲಿ, ಲಫ್‌ಬರೋ ಪಟ್ಟಣದಿಂದ ಲೆಸ್ಟರ್ ನಗರದ ಉತ್ತರದ ಅಂಚಿನವರೆಗೆ ಸುಮಾರು 8 ಮೈಲಿ ಓಡುವ, ಹಳೆಯ ಕಾಲದ ಗಾಡಿಗಳನ್ನು ಉಳಿಸಿ ಓಡಿಸುವ ಸಂರಕ್ಷಿತ ರೈಲ್ವೆಯಾದ ಗ್ರೇಟ್ ಸೆಂಟ್ರಲ್ ರೈಲ್ವೆಯನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿನ ಸ್ಟೀಮ್ ಎಂಜಿನ್ನುಗಳನ್ನೋ, ಬೋಗಿಯಲ್ಲೇ ಕೂತು ಉಣ್ಣುವ ಊಟವನ್ನೋ ಹೊಗಳುತ್ತಾರೆ. ಅವೆರಡೂ ಚೆನ್ನಾಗಿಯೇ ಇವೆ. ಆದರೆ ಈ ವಿಮರ್ಶೆ ಬರೆಯುತ್ತಿರುವುದು ಅದೇ ಹಳಿಯ ಮೇಲೆ ವರ್ಷದ ಕೆಲವು ವಿಶೇಷ ದಿನಗಳಲ್ಲಿ ಮಾತ್ರ ಓಡುವ, ಯಾರಿಗೂ ಕೂರಲು ಜಾಗವಿಲ್ಲದ, ಬೂದು ಬಣ್ಣದ ಕಲ್ಲಿದ್ದಲು ವ್ಯಾಗನ್‌ಗಳ ಸಾಲಿನ ಬಗ್ಗೆ. ಹಳೆಯ ಗೂಡ್ಸ್ ವ್ಯಾಗನ್ ಹೇಗೆ ದುಡಿಯಿತು ಎಂಬುದನ್ನು ಅರಿಯಬೇಕೆನ್ನುವವರು ಯಾವುದೇ ಮ್ಯೂಸಿಯಮ್ಮಿಗೆ ಹೋಗುವ ಮೊದಲು ಇಲ್ಲಿಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಒಂಟಿ ಎಂಜಿನ್ ಒಂದು ಪೂರ್ಣ ಯಂತ್ರ. ಒಂಟಿ ವ್ಯಾಗನ್ ಹಾಗಲ್ಲ, ಅದರ ಸ್ವಭಾವವೆಲ್ಲ ಸಾಲಿನಲ್ಲಿದ್ದಾಗಲೇ ಹೊರಬೀಳುವುದು.

ಇಲ್ಲಿ ಕಾಣಸಿಗುವುದು 16 ಟನ್ ಹೊರುವ ಉಕ್ಕಿನ ಮಿನರಲ್ ವ್ಯಾಗನ್, ಅಂದರೆ ಕಲ್ಲಿದ್ದಲಿನಂಥ ಖನಿಜ ಹೊರುವ ವ್ಯಾಗನ್. ನಾಲ್ಕು ಚಕ್ರ, 16 ಅಡಿ 6 ಅಂಗುಲ ಉದ್ದದ ಚೌಕಟ್ಟು, ಎರಡು ಆಕ್ಸಲ್‌ಗಳ ನಡುವೆ 9 ಅಡಿ ಅಂತರ, ಮೇಲೆ ಮುಚ್ಚಳವಿಲ್ಲದ ತಗಡಿನ ತೊಟ್ಟಿ. ಖಾಲಿಯಿದ್ದಾಗ ತೂಕ ಸುಮಾರು 7 ಟನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರದ ಯುದ್ಧ ಸಾರಿಗೆ ಸಚಿವಾಲಯ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸತೊಡಗಿತು. 1948ರಲ್ಲಿ ರೈಲ್ವೆಯ ರಾಷ್ಟ್ರೀಕರಣವಾದ ಮೇಲೆ ಬ್ರಿಟಿಷ್ ರೈಲ್ವೇಸ್ ಹೆಚ್ಚುಕಡಿಮೆ ಅದೇ ನಕ್ಷೆಯನ್ನು ಮುಂದುವರಿಸಿ, 1950ರ ದಶಕ ಮುಗಿಯುವಷ್ಟರಲ್ಲಿ 2 ಲಕ್ಷಕ್ಕೂ ಹೆಚ್ಚು ವ್ಯಾಗನ್ ಕಟ್ಟಿಸಿತು. ಪ್ಲಾಟ್‌ಫಾರ್ಮಿನ ಪಕ್ಕಕ್ಕೆ ಬಂದು ನಿಂತಾಗ ಇದರ ಮೈಯನ್ನು ನಿಧಾನವಾಗಿ ಓದಿಕೊಳ್ಳಬಹುದು. ಪಕ್ಕದ ಬಾಗಿಲಿನ ಕೀಲು ಕೆಳಗಿದೆ. ಚಿಲಕ ತೆಗೆದರೆ ಬಾಗಿಲು ಹೊರಕ್ಕೆ ಬಿದ್ದು ಇಳಿಬೀಳುತ್ತದೆ, ವ್ಯಾಪಾರಿ ಸಲಿಕೆ ಹಿಡಿದು ನೇರವಾಗಿ ಚೀಲಕ್ಕೆ ತುಂಬಿಕೊಳ್ಳಬಹುದು. ಒಂದು ತುದಿಯ ಬಾಗಿಲಿನ ಕೀಲು ಮಾತ್ರ ಮೇಲಿದೆ. ಬಂದರಿನಲ್ಲಿ ಇಡೀ ವ್ಯಾಗನ್ನನ್ನೇ ಎತ್ತಿ ಓರೆಮಾಡಿ ಹಡಗಿನ ಹೊಟ್ಟೆಗೆ ಸುರಿಯುವಾಗ ಬೇಕಾಗುವ ಬಾಗಿಲು ಅದು. ಆ ಬಾಗಿಲು ಯಾವ ತುದಿಯಲ್ಲಿದೆ ಎಂದು ಯಾರ್ಡಿನವರಿಗೆ ದೂರದಿಂದಲೇ ತಿಳಿಯಲೆಂದು ಪಕ್ಕದ ತಗಡಿನ ಮೇಲೆ ಓರೆಯಾಗಿ ಬಿಳಿ ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಯಾವ ಕಡೆಗೆ ಏರುತ್ತದೋ ಆ ಕಡೆ ಬಾಗಿಲು. ಅಲಂಕಾರವೆಂದು ಅನೇಕರು ತಿಳಿಯುವ ಆ ಗೆರೆಗೆ ಇಷ್ಟು ಕೆಲಸವಿದೆ.

ಇಷ್ಟು ಸಣ್ಣ ವ್ಯಾಗನ್ ಏಕೆ ಎಂಬ ಪ್ರಶ್ನೆ ನಮ್ಮ ದೇಶದ ಉದ್ದನೆಯ ಗೂಡ್ಸ್ ಗಾಡಿಗಳನ್ನು ಕಂಡವರಿಗೆ ಮೊದಲು ಏಳುತ್ತದೆ. ಉತ್ತರ ಇರುವುದು ರೈಲ್ವೆಯಲ್ಲಲ್ಲ, ಗಣಿಯಲ್ಲಿ. ಕಲ್ಲಿದ್ದಲನ್ನು ಜರಡಿ ಹಿಡಿದು ತುಂಬುವ ಕಟ್ಟಡಗಳ ಎತ್ತರ, ಒಳಗಿನ ಹಳಿಗಳ ತಿರುವು, ಬಂದರಿನ ಎತ್ತುಯಂತ್ರಗಳ ಅಗಲ, ಊರೂರಿನ ಕಲ್ಲಿದ್ದಲು ಕಟ್ಟೆಗಳು, ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದ ಸಣ್ಣ ಮರದ ವ್ಯಾಗನ್ನಿನ ಅಳತೆಗೆ ಕಟ್ಟಿದವು. ವ್ಯಾಗನ್ ದೊಡ್ಡದಾಗಬೇಕಾದರೆ ಇವನ್ನೆಲ್ಲ ಕೆಡವಿ ಕಟ್ಟಬೇಕಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಮುಖ್ಯಸ್ಥ ಫೀಲಿಕ್ಸ್ ಪೋಲ್ 1920ರ ದಶಕದಲ್ಲಿ 20 ಟನ್ನಿನ ವ್ಯಾಗನ್ ಬಳಸುವವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತೇನೆಂದರೂ ಗಣಿ ಮಾಲೀಕರು ಹೆಚ್ಚಾಗಿ ಮುಂದೆ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗಿನ ಕಲ್ಲಿದ್ದಲು ವ್ಯಾಗನ್‌ಗಳಲ್ಲಿ ಬಹುಪಾಲು ರೈಲ್ವೆಯ ಸ್ವತ್ತಾಗಿರದೆ ಗಣಿಗಳ, ಕಲ್ಲಿದ್ದಲು ವ್ಯಾಪಾರಿಗಳ ಸ್ವತ್ತಾಗಿದ್ದವು. ಮೈತುಂಬ ದೊಡ್ಡ ಅಕ್ಷರಗಳಲ್ಲಿ ಮಾಲೀಕರ ಹೆಸರು ಹೊತ್ತು, ಮಾರಾಟವಾಗುವವರೆಗೆ ಸೈಡಿಂಗಿನಲ್ಲಿ ನಿಂತು, ಗಾಲಿಯಿರುವ ಉಗ್ರಾಣದ ಕೆಲಸವನ್ನೂ ಮಾಡುತ್ತಿದ್ದವು. 1939ರಲ್ಲಿ ಯುದ್ಧ ಆರಂಭವಾದಾಗ ಸರಕಾರ ಅವನ್ನೆಲ್ಲ ವಶಪಡಿಸಿಕೊಂಡು ಒಂದೇ ರಾಶಿಗೆ ಸೇರಿಸಿತು. 1948ರಲ್ಲಿ ಬ್ರಿಟಿಷ್ ರೈಲ್ವೇಸ್ ಕೈಗೆ ಬಂದ ಸುಮಾರು 12 ಲಕ್ಷ ವ್ಯಾಗನ್‌ಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಇಂಥವೇ, ಅವುಗಳಲ್ಲಿ ಬಹಳಷ್ಟು ಹಣ್ಣಾಗಿದ್ದ ಮರದ ವ್ಯಾಗನ್‌ಗಳು. ಅವುಗಳ ಜಾಗಕ್ಕೆ ಬಂದದ್ದು ಈ ಉಕ್ಕಿನ ತೊಟ್ಟಿ.

ಇನ್ನು ಈ ರೈಲ್ವೆಯ ನಿಜವಾದ ಆಕರ್ಷಣೆಗೆ ಬರೋಣ. ಈ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವುದು ಮೂರು ಬಳೆಯ ಸಡಿಲವಾದ ಸರಪಳಿ ಕೊಂಡಿ. ಬಹುಪಾಲು ವ್ಯಾಗನ್‌ಗಳಿಗೆ ಎಂಜಿನ್ನಿನಿಂದ ಹಿಡಿಯಬಹುದಾದ ಬ್ರೇಕ್ ಇರಲಿಲ್ಲ. ಇದ್ದದ್ದು ಪಕ್ಕದಲ್ಲಿ ಉದ್ದನೆಯ ಸನ್ನೆಯ ಒಂದು ಕೈಬ್ರೇಕ್, ಅದನ್ನು ನೆಲದ ಮೇಲೆ ನಿಂತ ಮನುಷ್ಯ ಒತ್ತಿ ಹಿಡಿಸಬೇಕು. ನಮ್ಮಲ್ಲಿ ಗೂಡ್ಸ್ ಗಾಡಿಗಳಿಗೂ ಉದ್ದಕ್ಕೂ ವ್ಯಾಕ್ಯೂಮ್ ಬ್ರೇಕ್ ಇದ್ದ ಕಾಲದಲ್ಲಿ, ರೈಲ್ವೆಯ ತವರಾದ ಇಂಗ್ಲೆಂಡಿನಲ್ಲಿ ಹೀಗೆ ಗಾಡಿ ಓಡಿಸುತ್ತಿದ್ದರೆಂಬುದು ನಂಬಲು ಕಷ್ಟವಾದ ಸಂಗತಿ. ಲೆಕ್ಕ ಹಾಕಿ ನೋಡಿ: 16 ಟನ್ ತುಂಬಿದ 45 ವ್ಯಾಗನ್ ಎಂದರೆ ಸಾವಿರ ಟನ್ನಿಗೂ ಮಿಕ್ಕಿದ ಭಾರ. ಅದನ್ನು ನಿಲ್ಲಿಸಲು ಇದ್ದದ್ದು ಮುಂದಿನ ಎಂಜಿನ್ ಮತ್ತು ಅದಕ್ಕೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಬ್ರೇಕು, ಕೊನೆಯ 20 ಟನ್ನಿನ ಬ್ರೇಕ್ ವ್ಯಾನಿನಲ್ಲಿ ಕೂತ ಗಾರ್ಡಿನ ಕೈಚಕ್ರ, ಇಷ್ಟೇ. ಕಡಿದಾದ ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿ ವ್ಯಾಗನ್ ಬ್ರೇಕ್‌ಗಳನ್ನು ಒತ್ತಿ ಹಿಡಿಸಿಯೇ ಮುಂದೆ ಹೋಗಬೇಕೆಂಬ ಫಲಕಗಳು ಬ್ರಿಟನ್ನಿನ ಹಳಿಗಳ ಪಕ್ಕದಲ್ಲಿ ಬಹಳ ಕಾಲ ಇದ್ದವು. ಇಳಿದಾಗ ಮತ್ತೆ ನಿಲ್ಲಿಸಿ ಅವನ್ನೆಲ್ಲ ಬಿಡಿಸಬೇಕು.

ಈ ಏರ್ಪಾಟಿನ ಪರಿಣಾಮವನ್ನು ಕಿವಿಯಿಂದಲೇ ತಿಳಿಯಬೇಕು. ಎಂಜಿನ್ ಒಂದು ಗೇಣು ಮುಂದೆ ಸರಿಯುತ್ತದೆ. ಮೊದಲ ಕೊಂಡಿ ಬಿಗಿಯುತ್ತದೆ. ಆಮೇಲೆ ಎರಡನೆಯದು, ಮೂರನೆಯದು. ಜಾತ್ರೆಯಲ್ಲಿ ತೇರಿನ ಹಗ್ಗ ಮುಂದಿನವರ ಕೈಯಲ್ಲಿ ಬಿಗಿದು ಬಿಗಿದು ಹಿಂದಿನವರನ್ನು ತಲುಪುವ ಹಾಗೆ ಎಳೆತ ಸಾಲಿನ ಕೊನೆಗೆ ಹೋಗುತ್ತದೆ, ಪ್ರತಿ ಕೊಂಡಿಯಲ್ಲೂ ಒಂದೊಂದು ಕಬ್ಬಿಣದ ಸದ್ದಿನೊಂದಿಗೆ. ಇಡೀ ಸಾಲನ್ನು ಒಟ್ಟಿಗೆ ಎಳೆಯುವ ಶಕ್ತಿ ಎಂಜಿನ್ನಿಗೆ ಒಮ್ಮೆಗೇ ಬೇಕಾಗುವುದಿಲ್ಲ. ವ್ಯಾಗನ್‌ಗಳು ಒಂದೊಂದಾಗಿ ಎದ್ದು ಬರುತ್ತವೆ. ನಿಲ್ಲುವಾಗ ಇದೇ ಸದ್ದು ತಿರುಗುಮುರುಗಾಗಿ, ವ್ಯಾಗನ್ ತುದಿಯ ಧಕ್ಕೆ ತಡೆಯುವ ಬಫರ್ ಬಫರಿಗೆ ಬಡಿದು, ಇನ್ನೂ ಒರಟಾಗಿ ಕೇಳುತ್ತದೆ. ಡ್ರೈವರ್ ಅವಸರ ಮಾಡಿದರೆ ಸಾಲಿನ ಕೊನೆಯಲ್ಲಿ ಆ ಎಳೆತ ದೊಡ್ಡ ಹೊಡೆತವಾಗಿ ತಲುಪಿ ಬ್ರೇಕ್ ವ್ಯಾನಿನಲ್ಲಿದ್ದ ಗಾರ್ಡನ್ನು ಗೋಡೆಗೆ ಎಸೆಯುತ್ತಿತ್ತು, ಕೆಲವೊಮ್ಮೆ ಕೊಂಡಿಯೇ ಹರಿದು ಗಾಡಿ ಎರಡಾಗುತ್ತಿತ್ತು. ಆದ್ದರಿಂದ ಒಳ್ಳೆಯ ಗಾರ್ಡ್ ಎಂದರೆ ದಾರಿಯ ಪ್ರತಿ ಏರಿಳಿತವನ್ನೂ ಬಲ್ಲವನು. ಇಳುಕಲು ಮುಗಿದು ಏರು ಬರುವ ಮೊದಲೇ ಕೈಚಕ್ರ ತಿರುಗಿಸಿ ಕೊಂಡಿಗಳನ್ನು ಬಿಗಿಯಾಗಿಟ್ಟುಕೊಳ್ಳುವವನು. ಅಲ್ಲಾಡದೆ ನಿಂತ ವ್ಯಾಗನ್ ಎಷ್ಟು ಚೆನ್ನಾಗಿದ್ದರೂ ಈ ಒಂದು ವಿಷಯವನ್ನು ಹೇಳಲಾರದು. ಲಫ್‌ಬರೋದ ಹೊರಗೆ ಇಂಥ ಸಾಲು ನಿಂತು ಹೊರಡುವುದನ್ನು ಒಮ್ಮೆ ಕೇಳಿದರೆ ಪುಸ್ತಕದ ಹತ್ತು ಪುಟ ಓದುವ ಅಗತ್ಯ ಬೀಳುವುದಿಲ್ಲ.

ಈ ದಾರಿಯ ಆಯ್ಕೆಯೂ ಸರಿಯಾದದ್ದೇ. ಗ್ರೇಟ್ ಸೆಂಟ್ರಲ್ ಕಂಪನಿ ಲಂಡನ್ನಿಗೆ ಕಟ್ಟಿದ ಈ ಮುಖ್ಯ ಮಾರ್ಗದ ಮೇಲೆ ಪ್ರಯಾಣಿಕರ ಗಾಡಿ ಆರಂಭವಾದದ್ದು 1899ರ ಮಾರ್ಚಿನಲ್ಲಿ, ಕಲ್ಲಿದ್ದಲು ಗಾಡಿಗಳು ಅದಕ್ಕೂ ಮೊದಲು, 1898ರ ಜುಲೈಯಲ್ಲೇ ಓಡತೊಡಗಿದ್ದವು. 1947ರಿಂದ ನಾಟಿಂಗ್‌ಹ್ಯಾಮ್‌ಶೈರಿನ ಅನ್ಸ್‌ಲಿ ಯಾರ್ಡಿನಿಂದ ದಕ್ಷಿಣದ ವುಡ್‌ಫರ್ಡ್ ಹಾಲ್ಸ್ ಯಾರ್ಡಿಗೆ ಹೊರಟ ಕಲ್ಲಿದ್ದಲು ಗಾಡಿಗಳು ಲಫ್‌ಬರೋ ಹಾದು ಎಷ್ಟು ಚುರುಕಾಗಿ ಹೋಗುತ್ತಿದ್ದವೆಂದರೆ ಅವಕ್ಕೆ ವಿಂಡ್‌ಕಟರ್, ಅಂದರೆ ಗಾಳಿ ಸೀಳುವ ಗಾಡಿ, ಎಂಬ ಹೆಸರೇ ಬಿತ್ತು. 1957ರಲ್ಲಿ ಹತ್ತು ಚಾಲಕ ಚಕ್ರಗಳ 9ಎಫ್ ವರ್ಗದ ಎಂಜಿನ್ನುಗಳು ಅನ್ಸ್‌ಲಿಗೆ ಬಂದ ಮೇಲೆ, ಬ್ರೇಕಿಲ್ಲದ ವ್ಯಾಗನ್‌ಗಳ ಆ ಸಾಲುಗಳು ಗೂಡ್ಸ್ ಗಾಡಿಗಳಿಗೆ ವಾಡಿಕೆಯಲ್ಲದ ವೇಗದಲ್ಲಿ ಓಡಿದವು. 1960ರ ದಶಕದ ಮಧ್ಯದಲ್ಲಿ ಅದೂ ನಿಂತಿತು. 1969ರಲ್ಲಿ ಮಾರ್ಗದ ಈ ಭಾಗವೇ ಮುಚ್ಚಿತು.

ವ್ಯಾಗನ್‌ಗಳ ಗತಿ ಏನಾಯಿತು ಎಂಬುದು ಸಂರಕ್ಷಣೆಯ ಕಥೆಯಲ್ಲಿ ಹೆಚ್ಚಾಗಿ ಕೇಳಿಬರದ ಅಧ್ಯಾಯ. ಸೌತ್ ವೇಲ್ಸಿನ ಬ್ಯಾರಿಯಲ್ಲಿ ಡೈ ವುಡ್‌ಹ್ಯಾಮ್ ಅವರ ಗುಜರಿ ಅಂಗಳದಿಂದ 213 ಸ್ಟೀಮ್ ಎಂಜಿನ್ನುಗಳು ಉಳಿದುಬಂದವೆಂಬುದನ್ನು ಬ್ರಿಟನ್ನಿನ ರೈಲ್ವೆಪ್ರಿಯರೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅವು ಉಳಿದದ್ದು ಏಕೆಂದರೆ, ಒಡೆಯಲು ಸುಲಭವಾಗಿದ್ದ ಗೂಡ್ಸ್ ವ್ಯಾಗನ್ ಮತ್ತು ಬ್ರೇಕ್ ವ್ಯಾನ್‌ಗಳು ಸಾವಿರಗಟ್ಟಲೆಯಲ್ಲಿ ಬರುತ್ತಲೇ ಇದ್ದು, ಅಂಗಳದವರ ಕೈಗೆ ಅದರಲ್ಲೇ ಸಾಕಷ್ಟು ಕೆಲಸವಿತ್ತು; ಎಂಜಿನ್‌ಗಳನ್ನು ಆಮೇಲೆ ನೋಡೋಣವೆಂದು ಬದಿಗೆ ನಿಲ್ಲಿಸಿದರು. ಹೀಗೆ ನಿಂತಿದ್ದಾಗ ಒಂದೊಂದಾಗಿ ಅವನ್ನು ಕೊಳ್ಳುವವರು ಬಂದರು. ವ್ಯಾಗನ್ನಿಗೆ ಯಾರೂ ಬರಲಿಲ್ಲ. ಎಂಜಿನ್ನಿನ ಹೆಸರು, ನಂಬರು ಹಿಡಿದು ನೆನಪಿಟ್ಟುಕೊಂಡವರು ಲಕ್ಷಾಂತರ ಮಂದಿ ಇರಬಹುದು, ಆದರೆ ಬಿ ಅಕ್ಷರದಿಂದ ಶುರುವಾಗುವ ಆರಂಕಿಯ ವ್ಯಾಗನ್ ನಂಬರನ್ನು ಬರೆದಿಟ್ಟುಕೊಂಡವರು ಎಷ್ಟು ಮಂದಿ? ಉಳಿದ ಎಂಜಿನ್‌ಗಳ ಮೇಲೆ ಈ ಬೂದು ತೊಟ್ಟಿಗಳ ಋಣವಿದೆ ಎಂದು ನಾನಂತೂ ತಿಳಿದಿದ್ದೇನೆ.

ಒಡೆಯದೆ ಉಳಿದ ವ್ಯಾಗನ್ ಕೂಡ ಬಹುಕಾಲ ಬಾಳುವಂಥದ್ದಲ್ಲ. ಹಸಿ ಕಲ್ಲಿದ್ದಲಿನಲ್ಲಿರುವ ಗಂಧಕ ನೀರಿನೊಡನೆ ಸೇರಿ ಆಮ್ಲವಾಗಿ ತಳದ ತಗಡನ್ನು ತಿನ್ನುತ್ತದೆ. ಯಂತ್ರದ ಹಿಡಿಕೈ ಇಳಿಸಿ ಕಲ್ಲಿದ್ದಲು ಎತ್ತುವಾಗ ಪಕ್ಕಗಳು ಹೊರಕ್ಕೆ ಉಬ್ಬುತ್ತವೆ. ಬ್ರಿಟಿಷ್ ರೈಲ್ವೇಸ್ ಸ್ವತಃ 1970ರ ದಶಕದಲ್ಲಿ ಅನೇಕ ವ್ಯಾಗನ್‌ಗಳ ಚೌಕಟ್ಟು ಉಳಿಸಿಕೊಂಡು ಮೇಲಿನ ತೊಟ್ಟಿಯನ್ನೇ ಹೊಸದಾಗಿ ಹಾಕಿಸಬೇಕಾಯಿತು. ಆ ಹೊತ್ತಿಗೆ ಕಲ್ಲಿದ್ದಲಿನ ದಾರಿಯೂ ಬದಲಾಗಿತ್ತು. 1960ರ ದಶಕದ ನಡುವಿನಿಂದ ವಿದ್ಯುತ್ ಸ್ಥಾವರಗಳಿಗೆ 32 ಟನ್ನಿಗೂ ಹೆಚ್ಚು ಹೊರುವ, ಏರ್ ಬ್ರೇಕಿನ, ಗಾಡಿ ನಿಲ್ಲದೆಯೇ ತುಂಬಿ ನಿಲ್ಲದೆಯೇ ಕೆಳಗಿನಿಂದ ಸುರಿಯುವ ಹಾಪರ್ ವ್ಯಾಗನ್‌ಗಳು ಬಂದವು. ಅವುಗಳ ಮುಂದೆ ಸಲಿಕೆಗೆಂದು ಬಾಗಿಲಿಟ್ಟ 16 ಟನ್ನಿನ ವ್ಯಾಗನ್ ಎಷ್ಟು ದಿನ ನಿಲ್ಲಬಹುದಿತ್ತು? 1980ರ ದಶಕದಲ್ಲಿ ಕಲ್ಲಿದ್ದಲಿನ ಕೆಲಸದಿಂದ ಅದು ಹೊರಬಿತ್ತು. ಹಳಿ ದುರಸ್ತಿಯ ಕಸ, ಜಲ್ಲಿ ಹೊರುವ ಕೆಲಸಕ್ಕೆ ಕೆಲವನ್ನು ಇನ್ನಷ್ಟು ವರ್ಷ ಇಟ್ಟುಕೊಂಡರು.

1990ರ ದಶಕದ ಆರಂಭದಲ್ಲಿ ರೈಲ್ವೆಪ್ರಿಯರು ಹಣ ಕೂಡಿಸಿ, ಒಂದೆರಡಲ್ಲ, ಮೂವತ್ತಕ್ಕೂ ಹೆಚ್ಚು 16 ಟನ್ನಿನ ವ್ಯಾಗನ್‌ಗಳನ್ನು ಒಟ್ಟಾಗಿ ಕೊಂಡು ಲಫ್‌ಬರೋಗೆ ತಂದು, ಹಳೆಯ ವಿಂಡ್‌ಕಟರ್ ಗಾಡಿಯನ್ನು ಮತ್ತೆ ಕಟ್ಟಲು ಹೊರಟರು. ಈ ಸಂಖ್ಯೆಯಲ್ಲೇ ಅವರ ಜಾಣತನವಿದೆ. ಬೇರೆ ಕಡೆಗಳಲ್ಲಿ ಒಂದು ವ್ಯಾಗನ್ ಉಳಿಸಿ ಬಣ್ಣ ಬಳಿದು ಪ್ಲಾಟ್‌ಫಾರ್ಮಿನ ಅಂಚಿಗೆ ನಿಲ್ಲಿಸಿ ಹೂಕುಂಡ ಇಟ್ಟಿರುವುದೂ ಉಂಟು. ಇಲ್ಲಿ ಉಳಿಸಿದ್ದು ಗಾಡಿಯನ್ನು. ಈ ರೈಲ್ವೆಗೆ ಇನ್ನೊಂದು ಅನುಕೂಲವೂ ಇದೆ: ಲಫ್‌ಬರೋದಿಂದ ರಾಥ್‌ಲಿಯವರೆಗೆ ಜೋಡಿ ಹಳಿ. ಸಂರಕ್ಷಿತ ರೈಲ್ವೆಗಳಲ್ಲಿ ಮುಖ್ಯ ಮಾರ್ಗದ ಜೋಡಿ ಹಳಿ ಬೇರೆಲ್ಲೂ ಹೀಗಿಲ್ಲ. ಇದರಿಂದಾಗಿ ಪ್ರಯಾಣಿಕರ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಎದುರಿನಿಂದ ಕಲ್ಲಿದ್ದಲು ಗಾಡಿ ಓಡುತ್ತಲೇ ಬಂದು, ತೊಟ್ಟಿಯ ಹಿಂದೆ ತೊಟ್ಟಿಯಾಗಿ ದಾಟಿ, ಕೊನೆಗೆ ಬ್ರೇಕ್ ವ್ಯಾನಿನ ವರಾಂಡ ಕಾಣಿಸಿ ಮರೆಯಾಗುತ್ತದೆ. 1950ರ ದಶಕದ ಪ್ರಯಾಣಿಕ ದಿನವೂ ಕಾಣುತ್ತಿದ್ದದ್ದು ಇದನ್ನೇ.

ಹಾಗೆಂದು ಎಲ್ಲವೂ ಯಥಾವತ್ತಾಗಿದೆ ಎಂದಲ್ಲ. ವ್ಯಾಗನ್‌ಗಳು ಸಾಮಾನ್ಯವಾಗಿ ಖಾಲಿಯಾಗಿಯೇ ಓಡುತ್ತವೆ. ಖಾಲಿ ತೊಟ್ಟಿಯ ಸದ್ದು ಟೊಳ್ಳು, ತುಂಬಿದ ತೊಟ್ಟಿಯದು ಗಡುಸು. ಸ್ಪ್ರಿಂಗುಗಳು ಕುಗ್ಗಿ ಮೈ ತಗ್ಗುವ ತುಂಬಿದ ಗಾಡಿಯ ನೋಟ ಇಲ್ಲಿ ಸಿಗದು. ಸಂರಕ್ಷಿತ ರೈಲ್ವೆಗಳಲ್ಲಿ ವಾಡಿಕೆಯಾದ ಗಂಟೆಗೆ 25 ಮೈಲಿಯ ಮಿತಿಯಲ್ಲಿ ವಿಂಡ್‌ಕಟರ್ ಎಂಬ ಹೆಸರನ್ನು ಊಹಿಸಿಕೊಂಡು ತೃಪ್ತಿಪಡಬೇಕು. ಬಣ್ಣದ ವಿಷಯದಲ್ಲಿ ನನಗೆ ಇನ್ನೂ ಸ್ವಲ್ಪ ತಕರಾರಿದೆ, ಅದು ಇಲ್ಲಿನವರ ಮೇಲಿನ ದೂರಲ್ಲ, ಇಡೀ ಸಂರಕ್ಷಣೆಯ ಅಭಿರುಚಿಯ ಮೇಲಿನದು. ದುಡಿಯುವ ಕಾಲದಲ್ಲಿ ಈ ವ್ಯಾಗನ್ ಹೊಸ ಬಣ್ಣದಲ್ಲಿ ಇದ್ದದ್ದು ಮೊದಲ ಕೆಲವು ತಿಂಗಳು. ಆಮೇಲೆ ಮೂರು ಪಾಲು ತುಕ್ಕು, ಒಂದು ಪಾಲು ಬೂದು, ಕಪ್ಪು ಚೌಕದೊಳಗೆ ಮತ್ತೆ ಮತ್ತೆ ಬಳಿದ ಬಿಳಿಯ ನಂಬರು. ತುಕ್ಕನ್ನು ಉಳಿಸಿಕೊಂಡರೆ ತಗಡು ಉಳಿಯುವುದಿಲ್ಲ, ತಗಡನ್ನು ಉಳಿಸಿಕೊಂಡರೆ ವ್ಯಾಗನ್ ತನ್ನ ಚಹರೆ ಕಳೆದುಕೊಳ್ಳುತ್ತದೆ. ಬಯಲಲ್ಲಿ ಮಳೆಗೆ ನಿಲ್ಲುವ ವ್ಯಾಗನ್ನಿಗೆ ಬಣ್ಣವೇ ಔಷಧಿ ಎಂಬುದನ್ನು ಒಪ್ಪಲೇಬೇಕು. ಆದರೂ ಸಾಲಿನಲ್ಲಿ ಬಣ್ಣ ಮಾಸಿದ, ಮೈ ಉಬ್ಬಿದ ವ್ಯಾಗನ್ ಕಣ್ಣಿಗೆ ಬಿದ್ದಾಗ ಅದರ ಮೇಲೇ ನನ್ನ ನೋಟ ನಿಲ್ಲುತ್ತದೆ.

ಕೌಂಟಿ ಡರ್ಹಮ್‌ನ ಶಿಲ್ಡನ್ನಿನಲ್ಲಿರುವ ಲೋಕೋಮೋಷನ್ ಮ್ಯೂಸಿಯಂ ಇದಕ್ಕೆ ಎದುರು ತುದಿಯ ಉದಾಹರಣೆ. 1984ರಲ್ಲಿ ಮುಚ್ಚಿದ ದೊಡ್ಡ ವ್ಯಾಗನ್ ಕಾರ್ಖಾನೆ ಇದ್ದ ಊರು ಅದು. ಮೇಲೆ ಹೇಳಿದ ಹಾಪರ್ ವ್ಯಾಗನ್‌ಗಳಲ್ಲಿ ಬಹುಪಾಲು ಅಲ್ಲಿಯೇ ತಯಾರಾದವು. ಅಲ್ಲಿ 2024ರಲ್ಲಿ ತೆರೆದ ಹೊಸ ಸಭಾಂಗಣದಲ್ಲಿ ಸರಕು ವಾಹನಗಳಿಗೂ ಸೂರು ಸಿಕ್ಕಿದೆ. ಉಕ್ಕನ್ನು ಮಳೆಯಿಂದ ಕಾಯುವುದಕ್ಕೆ, ಮುಂದಿನ ನೂರು ವರ್ಷಕ್ಕೆ ಒಂದು ಮಾದರಿಯನ್ನು ಉಳಿಸುವುದಕ್ಕೆ ಅದೇ ಸರಿ, ಪ್ರವೇಶವೂ ಉಚಿತ. ಅಲ್ಲಿ ವ್ಯಾಗನ್ನಿನ ನಕ್ಷೆ ತಿಳಿಯುತ್ತದೆ, ಇಲ್ಲಿ ಅದರ ನಡತೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಲಫ್‌ಬರೋ ಕಡೆಗೇ ಹೋಗುವೆ.

ಇಂಥ ಸಾಲನ್ನು ಇಟ್ಟುಕೊಳ್ಳುವುದು ಯಾವ ರೈಲ್ವೆಗೂ ಲಾಭದ ಬಾಬತ್ತಲ್ಲ. ಎಂಜಿನ್ನಿಗೆ ದಾನಿಗಳಿದ್ದಾರೆ, ಬೋಗಿ ಟಿಕೆಟ್ಟಿನ ಹಣ ತರುತ್ತದೆ. ವ್ಯಾಗನ್ ಸೈಡಿಂಗಿನ ಜಾಗ ತಿನ್ನುತ್ತದೆ, ಸ್ವಯಂಸೇವಕರ ವಾರಾಂತ್ಯ ತಿನ್ನುತ್ತದೆ, ಬಾಡಿಗೆ ತರುವುದಿಲ್ಲ. ಚಕ್ರ, ಆಕ್ಸಲ್ ಬಾಕ್ಸ್, ಬ್ರೇಕ್ ಬ್ಲಾಕ್‌ಗಳ ತಪಾಸಣೆ ಮಾತ್ರ ಪ್ರಯಾಣಿಕರ ಬೋಗಿಯಷ್ಟೇ ಕಟ್ಟುನಿಟ್ಟು, ಏಕೆಂದರೆ ಅದೇ ಹಳಿಯ ಮೇಲೆ ಜನರ ಗಾಡಿಯೂ ಓಡುತ್ತದೆ. ಸ್ವಲ್ಪಮಟ್ಟಿನ ಆದಾಯ ಬರುವುದು ಫೋಟೋಗ್ರಾಫರುಗಳಿಂದ: ಸಾರ್ವಜನಿಕರಿಗೆ ಗಾಡಿ ಇಲ್ಲದ ದಿನ ಅವರು ಗುಂಪಾಗಿ ಹಣ ಕೊಟ್ಟು ಎಂಜಿನ್ ಮತ್ತು ಗೂಡ್ಸ್ ಸಾಲನ್ನು ಬಾಡಿಗೆಗೆ ಹಿಡಿದು, ಒಂದೇ ಜಾಗದಲ್ಲಿ ಹಿಂದೆ ಮುಂದೆ ಓಡಿಸಿ ಚಿತ್ರ ತೆಗೆಯುತ್ತಾರೆ. ಕೃತಕವೆಂದು ಮೂಗು ಮುರಿಯುವವರಿದ್ದಾರೆ. ವ್ಯಾಗನ್ನಿನ ಚಕ್ರಕ್ಕೆ ಎಣ್ಣೆ ಬೀಳುವುದಕ್ಕೆ ಅದೂ ಒಂದು ದಾರಿಯಾಗಿರುವಾಗ ನಾನು ದೂರುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಸಾಮಾನ್ಯ ವಾರಾಂತ್ಯಗಳಲ್ಲಿ ಹೋದರೆ ಗೂಡ್ಸ್ ಗಾಡಿ ಓಡುವ ಖಾತರಿಯಿಲ್ಲ. ಚಳಿಗಾಲದ ಮತ್ತು ಶರತ್ಕಾಲದ ಗಾಲಾ (ರೈಲ್ವೆಯ ವಿಶೇಷ ಉತ್ಸವ) ದಿನಗಳ ವೇಳಾಪಟ್ಟಿ ನೋಡಿ, ಅದರಲ್ಲಿ ಗೂಡ್ಸ್ ಗಾಡಿಯ ಸಮಯ ಇದೆಯೇ ಎಂದು ಖಚಿತಪಡಿಸಿಕೊಂಡು ಟಿಕೆಟ್ ಕೊಳ್ಳಬೇಕು. ಲಂಡನ್ನಿನಿಂದ ಬರುವ ಮುಖ್ಯ ಮಾರ್ಗದ ಲಫ್‌ಬರೋ ಸ್ಟೇಷನ್ನಿನಲ್ಲಿ ಇಳಿದರೆ ಈ ರೈಲ್ವೆಯ ಲಫ್‌ಬರೋ ಸೆಂಟ್ರಲ್ ನಡೆದು ಹೋಗುವಷ್ಟೇ ದೂರ. ಲೆಸ್ಟರ್‌ನಲ್ಲಿ ನೆಂಟರಿರುವವರು ಬಸ್ಸಿನಲ್ಲಿ ಬರ್‌ಸ್ಟಲ್ ಕಡೆಗೆ ಬಂದು ಲೆಸ್ಟರ್ ನಾರ್ತ್‌ನಲ್ಲಿ ಹತ್ತಬಹುದು, ಆದರೆ ಆ ತುದಿಯಿಂದ ರಾಥ್‌ಲಿಯವರೆಗೆ ಒಂಟಿ ಹಳಿಯೆಂಬುದು ನೆನಪಿರಲಿ. ಲಫ್‌ಬರೋದಲ್ಲಿ ಪ್ಲಾಟ್‌ಫಾರ್ಮು ಎರಡು ಹಳಿಗಳ ನಡುವೆ ಇರುವುದರಿಂದ ರಸ್ತೆಯ ಸೇತುವೆಯಿಂದ ಮೆಟ್ಟಿಲು ಇಳಿದು ಹೋಗಬೇಕು; ವಯಸ್ಸಾದವರನ್ನು ಕರೆದೊಯ್ಯುವವರು ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸದ್ದು ಕೇಳಬೇಕಾದರೆ ಕ್ವಾರ್ನ್ ಸ್ಟೇಷನ್ನಿನಲ್ಲಿ ಇಳಿದು ಕಾಯಬೇಕು. ಇಡೀ ಸಾಲು ಒಂದೇ ನೋಟಕ್ಕೆ ಸಿಗಬೇಕಾದರೆ ಸ್ವಿದ್‌ಲ್ಯಾಂಡ್ ಜಲಾಶಯದ ಹತ್ತಿರದ ಕಿಂಚ್ಲಿ ಲೇನ್‌ಗೆ ನಡೆದು ಹೋಗಬೇಕು, ಅಲ್ಲಿ ಕ್ಯಾಮೆರಾ ಹಿಡಿದವರು ಮೊದಲೇ ಜಾಗ ಹಿಡಿದಿರುತ್ತಾರೆ. ಜನವರಿಯ ಗಾಲಾಕ್ಕೆ ಹೋಗುವುದಾದರೆ ದಪ್ಪನೆಯ ಕೋಟು, ಕೆಸರಿಗೆ ಹೆದರದ ಬೂಟು ಬೇಕು. ಮಕ್ಕಳಿಗೆ ಎಂಜಿನ್ ದಾಟಿದ ಮೇಲೆ ಬೇಸರವಾದೀತು. ವ್ಯಾಗನ್ ಎಣಿಸಲು ಹೇಳಿ.